ನೋಟಿಫಿಕೇಶನ್ ಇಲ್ಲದ ವರ್ಷ: ಸಪ್ತಾಪುರದ ಒಂದು ರೂಮಿನ ಲೆಕ್ಕ

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಸರ್ಕಾರಿ ನೌಕರಿಗೆ ಓದುವವರು ಸಾವಿರಾರು ಜನ. ಅವರಲ್ಲೊಬ್ಬ ಹುಡುಗಿಯ ಸುಮಾರು ಒಂದು ವರ್ಷದ ದಿನಚರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅವಧಿ 2024ರ ಅಕ್ಟೋಬರ್ ಕೊನೆಯಿಂದ 2025ರ ಆಗಸ್ಟ್‌ವರೆಗೆ. ರಾಜ್ಯದಲ್ಲಿ ಹೊಸ ನೇಮಕಾತಿಯ ಅಧಿಸೂಚನೆಗಳು ನಿಂತಿದ್ದ ಕಾಲ ಅದು. ಓದುವವರಿಗೆ ಓದಲು ಪುಸ್ತಕವಿತ್ತು, ಕೂರಲು ಲೈಬ್ರರಿಯಿತ್ತು, ಪರೀಕ್ಷೆಯ ತಾರೀಕು ಮಾತ್ರ ಇರಲಿಲ್ಲ.

ನಾನು ಅವಳ ಜೊತೆ ಒಂದೇ ರೂಮಿನಲ್ಲಿದ್ದೆ. ನಾನು ಖಾಸಗಿ ಕಾಲೇಜೊಂದರಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಅವಳು ಖರ್ಚನ್ನೆಲ್ಲ ಒಂದು ವಹಿಯಲ್ಲಿ ಬರೆದಿಡುತ್ತಿದ್ದಳು, ಓದಿದ್ದನ್ನು ಇನ್ನೊಂದರಲ್ಲಿ. ಎರಡನ್ನೂ ನನಗೆ ಕೊಟ್ಟು, ಹೆಸರು ಹಾಕದೆ ಬರೆಯಲು ಒಪ್ಪಿದಳು. ಎರಡು ವಹಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ಕಂಡದ್ದು ನನ್ನನ್ನು ಇದನ್ನು ಬರೆಯಲು ಕೂರಿಸಿತು. ಚಹಾ, ಚುರಮರಿಯ ಗಿರಮಿಟ್, ಶನಿವಾರದ ನಡಿಗೆಯಂಥ ಸಣ್ಣ ಸುಖಗಳನ್ನು ಅವಳು ಓದಿನ ಸಲುವಾಗಿ ಬಿಟ್ಟ ತಿಂಗಳುಗಳಲ್ಲೇ ಓದು ಕುಸಿದಿತ್ತು. ಅವು ಮರಳಿ ಬಂದ ಮೇಲೆ ಓದೂ ಮರಳಿತ್ತು.

ಹಿನ್ನೆಲೆ

ಆಗ ಅವಳಿಗೆ ಇಪ್ಪತ್ತೆಂಟು. ಕುಷ್ಟಗಿ ಕಡೆಯ ಹಳ್ಳಿಯವಳು. ಮಳೆಯನ್ನೇ ನಂಬಿದ ನಾಲ್ಕು ಎಕರೆ ಹೊಲ, ಅಪ್ಪ, ಅವ್ವ, ಟ್ರ್ಯಾಕ್ಟರ್ ಹೊಡೆಯುವ ತಮ್ಮ. ಬಿ.ಎ. ಮುಗಿಸಿದ ಮೇಲೆ ಒಂದೆರಡು ವರ್ಷ ಊರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದಳು. ಶಾಲೆ ಇದ್ದಷ್ಟು ತಿಂಗಳು ಗೌರವಧನ, ಅದೂ ತಡವಾಗಿ. ಕಾಯಂ ನೌಕರಿ ಬೇಕೆಂಬ ಹಟ ಅಲ್ಲಿ ಹುಟ್ಟಿದ್ದು.

ಧಾರವಾಡಕ್ಕೆ ಬಂದದ್ದು ಎಲ್ಲರೂ ಬರುವ ಕಾರಣಕ್ಕೆ. 1917ರ ಕರ್ನಾಟಕ ಕಾಲೇಜು, ಮುಂದೆ ಬಂದ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ ಎಲ್ಲ ಸೇರಿ ಈ ಊರಿಗೆ ಓದಿನ ಊರೆಂಬ ಹೆಸರು ಮೊದಲೇ ಇತ್ತು. ಈಗ ಸಪ್ತಾಪುರ, ಮಿಚಿಗನ್ ಕಂಪೌಂಡ್, ಶ್ರೀನಗರ ಸರ್ಕಲ್ ಸುತ್ತಮುತ್ತ ಕೋಚಿಂಗ್ ಸೆಂಟರ್, ಪಿ.ಜಿ., ಖಾನಾವಳಿ, ಝೆರಾಕ್ಸ್ ಅಂಗಡಿ, ತಿಂಗಳ ಲೆಕ್ಕದಲ್ಲಿ ಸೀಟು ಕೊಡುವ ಲೈಬ್ರರಿಗಳು ಒತ್ತೊತ್ತಾಗಿ ನಿಂತಿವೆ. ಲೈಬ್ರರಿ ಎಂದರೆ ಪುಸ್ತಕ ಎರವಲು ಕೊಡುವ ಜಾಗವಲ್ಲ. ಹಲಗೆಯ ಅಡ್ಡಗೋಡೆಯ ನಡುವೆ ಒಂದು ಕುರ್ಚಿ, ಒಂದು ದೀಪ, ಒಂದು ಪ್ಲಗ್ ಪಾಯಿಂಟ್. ಪುಸ್ತಕ ನಮ್ಮದೇ.

ಪರೀಕ್ಷೆಗಳ ಚರಿತ್ರೆ ಇಲ್ಲಿ ಹೇಳಲೇಬೇಕು. ಅದಿಲ್ಲದೆ ಈ ಕಾಯುವಿಕೆ ಅರ್ಥವಾಗುವುದಿಲ್ಲ. 2021ರ ಜನವರಿ 24ರ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆ ಪ್ರಶ್ನೆಪತ್ರಿಕೆ ಸೋರಿಕೆಯಿಂದ ಹಿಂದಿನ ದಿನವೇ ನಿಂತು ಫೆಬ್ರವರಿ 28ಕ್ಕೆ ಹೋಯಿತು. 545 ಪಿಎಸ್ಐ ಹುದ್ದೆಗಳ ಲಿಖಿತ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆದು, ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ 2024ರ ಆಗಸ್ಟ್ 27ರಂದು ನಡೆಯಿತು. ಕನ್ನಡ ಪ್ರಶ್ನೆಗಳ ಅನುವಾದ ತಪ್ಪುಗಳಿಂದ ತುಂಬಿದ್ದವೆಂದು ಕೂಗೆದ್ದ ಮೇಲೆ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಆಯಿತು. ಇಷ್ಟರ ನಡುವೆ ಓದುವವರ ವಯಸ್ಸು ಮಾತ್ರ ಮರುಪರೀಕ್ಷೆಗೆಂದು ಕಾಯುವುದಿಲ್ಲ.

2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗೆ, ಅಂದರೆ ಅವರ ಮೀಸಲಾತಿಯನ್ನು ಒಳಗಿನ ಗುಂಪುಗಳಿಗೆ ಹಂಚಿಕೊಡುವುದಕ್ಕೆ, ದಾರಿ ತೆರೆಯಿತು. ಅದು ಜಾರಿಯಾಗುವ ತನಕ ಹೊಸ ಅಧಿಸೂಚನೆ ಬೇಡವೆಂದು ರಾಜ್ಯ ಸರ್ಕಾರ ಅಕ್ಟೋಬರ್ ಕೊನೆಯಲ್ಲಿ ತೀರ್ಮಾನಿಸಿತು. ಒಳಮೀಸಲಾತಿ ದಶಕಗಳ ಹೋರಾಟದ ಬೇಡಿಕೆ, ನ್ಯಾಯದ ಬೇಡಿಕೆ. ನಮ್ಮ ರೂಮಿನಲ್ಲೇ ಅದಕ್ಕಾಗಿ ಕಾದಿದ್ದವಳೊಬ್ಬಳಿದ್ದಳು. ಆಕೆಯ ಎದುರು ಕೂತು ಈ ತಡೆಯನ್ನು ಬೈಯಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಆದರೆ ಆಕೆಯೂ ಸೇರಿ ಎಲ್ಲರ ರೂಮಿನ ಬಾಡಿಗೆ ಪ್ರತಿ ತಿಂಗಳ ಐದನೇ ತಾರೀಕಿಗೆ ತಪ್ಪದೆ ಬರುತ್ತಿತ್ತು. ಒಳಮೀಸಲಾತಿಗೆಂದು ನೇಮಕವಾದ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ವರದಿ ಕೊಟ್ಟದ್ದು 2025ರ ಆಗಸ್ಟ್ 4ರಂದು, ಸಂಪುಟದ ತೀರ್ಮಾನ ಬಂದದ್ದು ಆಗಸ್ಟ್ 19ರಂದು.

ಖರ್ಚಿನ ವಹಿ

ಊರಿನಿಂದ ಬರುತ್ತಿದ್ದುದು ತಿಂಗಳಿಗೆ ಏಳು ಸಾವಿರ. ಬಾಡಿಗೆ, ಖಾನಾವಳಿಯ ಮೆಸ್ ಬಿಲ್, ಲೈಬ್ರರಿ ಸೀಟು, ಮೊಬೈಲ್ ರಿಚಾರ್ಜ್ ಕಳೆದರೆ ಉಳಿಯುತ್ತಿದ್ದುದು ಸಾವಿರದ ಆಚೀಚೆ. ನೌಕರಿಯಿಲ್ಲದ ಪದವೀಧರರಿಗೆ ಸರ್ಕಾರ ಕೊಡುವ ಯುವನಿಧಿಯ ಹಣ ಅವಳಿಗಿಲ್ಲ. 2022-23ನೇ ಸಾಲಿನಲ್ಲಿ ಪಾಸಾದವರಿಂದ ಶುರುವಾದ ಯೋಜನೆ ಅದು, ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಅದಕ್ಕೂ ಮೊದಲೇ ಪದವಿ ಮುಗಿಸಿ ಹೆಚ್ಚು ಕಾಲ ಕಾದವರು ಅದರ ಹೊರಗೆ ಉಳಿದರು. ಶಕ್ತಿ ಯೋಜನೆ ಮಾತ್ರ ದಕ್ಕಿತು. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸಿನಲ್ಲಿ ಹೆಣ್ಣುಮಕ್ಕಳು ಆಧಾರ್ ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ. ಊರಿಗೆ ಹೋಗುವುದೂ ಬರುವುದೂ ಅವಳ ವಹಿಯಲ್ಲಿ ಸೊನ್ನೆ.

ಬುತ್ತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹದಿನೈದು ದಿನಕ್ಕೊಮ್ಮೆ ಅವ್ವ ಕಟ್ಟಿದ ಗಂಟು ಬಸ್ಸೇರಿ ಬರುತ್ತಿತ್ತು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಲವೊಮ್ಮೆ ಬೆಲ್ಲದ ಉಂಡಿ. ಉತ್ತರ ಕರ್ನಾಟಕದ ಎಷ್ಟು ತಲೆಮಾರು ಹೀಗೆ ಬಸ್ಸಿನ ಬುತ್ತಿ ತಿಂದು ಓದಿವೆಯೋ! ಗಂಟು ಬಂದ ದಿನ ಮೂರು ರೂಮಿನವರು ಒಂದೇ ಚಾಪೆ ಮೇಲೆ ಕೂರುತ್ತಿದ್ದೆವು. ರಾಯಬಾಗದವಳ ಕೆಂಪು ಖಾರ, ಸಿಂದಗಿಯವಳ ಅಗಸಿ ಚಟ್ನಿ, ಇವಳ ಗುರೆಳ್ಳು. ರೊಟ್ಟಿ ಮುರಿಯುವ ಸದ್ದಿಗೆ ಕೆಳಗಿನ ಮನೆಯ ಮಾಲೀಕರ ಮೊಮ್ಮಗಳು ಮೆಟ್ಟಿಲು ಹತ್ತಿ ಬರುತ್ತಿದ್ದಳು.

ಉಳಿದ ಸುಖಗಳೂ ಇದೇ ಅಳತೆಯವು. ಸಂಜೆ ನಾಲ್ಕಕ್ಕೆ ಲೈಬ್ರರಿ ಎದುರಿನ ಗಾಡಿಯಲ್ಲಿ ಒಂದು ಚಹಾ. ಶನಿವಾರ ಬೆಳಗ್ಗೆ ನಡೆದುಕೊಂಡು ನುಗ್ಗಿಕೇರಿ ಹಣಮಪ್ಪನ ಗುಡಿ. ಭಾನುವಾರ ಸಂಜೆ ಕೆಲಗೇರಿ ಕೆರೆಯ ದಂಡೆ, ಬರುವಾಗ ಗಿರಮಿಟ್, ಜೊತೆಗೆ ಎರಡು ಮಿರ್ಚಿ ಭಜಿ. ನಾಲ್ವರು ಪಾಲು ಹಾಕಿ ತರಿಸುವ ಒಂದು ದಿನಪತ್ರಿಕೆ, ಅದರ ಪುರವಣಿ ಯಾರ ಪಾಲಿಗೆ ಮೊದಲು ಎಂಬ ಜಗಳ. ಆಗೀಗ ವಿದ್ಯಾವರ್ಧಕ ಸಂಘದಲ್ಲೋ ಇನ್ನೆಲ್ಲೋ ಹಣ ಕೊಡದೆ ಕೇಳಬಹುದಾದ ಉಪನ್ಯಾಸ, ಸಂಗೀತ. ಹಿಂದೂಸ್ತಾನಿ ಗಾಯನವನ್ನು ಅವಳು ಮೊದಲ ಬಾರಿಗೆ ಎದುರು ಕೂತು ಕೇಳಿದ್ದು ಧಾರವಾಡದಲ್ಲಿ. ರಾಗದ ಹೆಸರು ತಿಳಿಯಲಿಲ್ಲ, ಕೊನೆಯ ವಚನ ಮಾತ್ರ ಊರಿನ ಮಠದಲ್ಲಿ ಕೇಳಿದ್ದೇ. ರೂಮಿಗೆ ಬರುವಾಗ ದಾರಿಯುದ್ದಕ್ಕೂ ಅದನ್ನು ಗುನುಗುತ್ತ ಬಂದಳು.

ಭಜಿಯ ಫೋಟೊ

ಡಿಸೆಂಬರ್ 29 ಭಾನುವಾರ. ಮರುಪರೀಕ್ಷೆ ಬರೆದು ಅಂದೇ ಸಂಜೆ ಬಸ್ಸು ಹತ್ತಿದಳು. ಮರುದಿನ ಎಳ್ಳ ಅಮಾವಾಸ್ಯೆ. ಹೊಲಕ್ಕೆ ಹೋಗಿ ಚರಗ, ಅಂದರೆ ಎಡೆಯ ಅಡುಗೆ, ಚೆಲ್ಲುವ ಹಬ್ಬ, ಅವರ ಮನೆಯಲ್ಲಿ ಅದನ್ನು ತಪ್ಪಿಸುವುದಿಲ್ಲ. ಸಜ್ಜಿ ರೊಟ್ಟಿ, ಪುಂಡಿ ಪಲ್ಲೆ, ಎಣ್ಣೆಗಾಯಿ, ಕರಿಗಡಬು ಕಟ್ಟಿಕೊಂಡು ಹೋಗಿ, ಬನ್ನಿಗಿಡದ ಕೆಳಗೆ ಪೂಜೆ ಮಾಡಿ, ಒಬ್ಬರು ‘ಹುಲ್ಲುಲ್ಲಿಗೋ’ ಎಂದರೆ ಇನ್ನೊಬ್ಬರು ‘ಸಲಾಂಬ್ರಿಗೋ’ ಎನ್ನುತ್ತ ಜೋಳದ ನಡುವೆ ಚರಗ ಚೆಲ್ಲಿದರು. ತಿರುಗಿ ಬಂದಾಗ ಅವಳ ಮುಖದಲ್ಲಿ ಕಳೆಯಿತ್ತು. ಪರೀಕ್ಷೆಯ ಮಾತನ್ನು ಅವಳಾಗಿಯೇ ತೆಗೆಯಲಿಲ್ಲ, ನಾವೂ ಕೇಳಲಿಲ್ಲ.

ಫಲಿತಾಂಶದಲ್ಲಿ ಅವಳ ನಂಬರ್ ಇರಲಿಲ್ಲ. ಗ್ರಾಮ ಆಡಳಿತ ಅಧಿಕಾರಿ ಹುದ್ದೆಯೂ ಸ್ವಲ್ಪದರಲ್ಲಿ ಕೈತಪ್ಪಿತ್ತು. ಅದೇ ವಾರ ಸಿಂದಗಿಯ ಹುಡುಗಿ ತನ್ನ ವಾಟ್ಸ್ಆ್ಯಪ್ ಸ್ಟೇಟಸ್ಸಿಗೆ ಭಾನುವಾರದ ಫೋಟೊ ಹಾಕಿದಳು. ಕೆರೆ ದಂಡೆ, ಪೇಪರ್ ಹಾಳೆಯ ಮೇಲೆ ಭಜಿ, ನಗುವ ನಾಲ್ಕು ಮುಖ. ಅದು ಹೇಗೋ ಇವಳ ಸೋದರಮಾವನ ಮೊಬೈಲಿಗೆ ಹೋಯಿತು. ಮಾವ ಅಪ್ಪನಿಗೆ ಫೋನ್ ಮಾಡಿ, “ಓದಾಕ ಹೋಗ್ಯಾಳೋ, ಭಜಿ ತಿನ್ನಾಕ ಹೋಗ್ಯಾಳೋ?” ಎಂದರು. ಈ ಮಾತು ಅಪ್ಪನಿಂದ ಅವ್ವನಿಗೆ, ಅವ್ವನಿಂದ ಇವಳಿಗೆ ಬಂದು ಮುಟ್ಟಿತು.

ಮಾವನಿಗೆ ಗೊತ್ತಿಲ್ಲದ ಒಂದು ಸಂಗತಿಯಿದೆ. ಇಲ್ಲಿನ ಬಹುತೇಕ ಖಾನಾವಳಿಗಳಂತೆ ನಮ್ಮ ಮೆಸ್ಸಿಗೂ ಭಾನುವಾರ ರಾತ್ರಿ ರಜೆ. ಆ ಗಿರಮಿಟ್ಟು, ಭಜಿಯೇ ಅವಳ ರಾತ್ರಿಯ ಊಟ.

ಮರುದಿನದಿಂದ ಎಲ್ಲ ಬಂದ್. ನಾಲ್ಕರ ಚಹಾ ಇಲ್ಲ, ಪತ್ರಿಕೆಯ ಪಾಲು ಇಲ್ಲ, ಶನಿವಾರದ ನಡಿಗೆ ಇಲ್ಲ. ಭಾನುವಾರ ರಾತ್ರಿ ಬಿಸ್ಕಿಟ್ ತಿಂದು ಮಲಗುತ್ತಿದ್ದಳು. ‘ನೌಕರಿ ಆಗೂ ಮಟಾ ಏನೂ ಬ್ಯಾಡ ಅಕ್ಕಾ’ ಎಂದಳು. ಲೈನ್ ಬಜಾರಿನಲ್ಲಿ ಪೇಡೆ ಅಂಗಡಿ ಮುಂದೆ ಹಾದು ಹೋಗುವಾಗಲೂ ಇದೇ ಮಾತು. ಧಾರವಾಡದಲ್ಲಿ ಓದುವವರು ಪೇಡೆಯನ್ನು ನೇಮಕದ ಆರ್ಡರ್ ಕಾಪಿ ಬಂದ ದಿನಕ್ಕೆಂದೇ ಎತ್ತಿಟ್ಟಿರುತ್ತಾರೆ. ಎಷ್ಟೋ ಮಂದಿ ಈ ಊರಲ್ಲಿ ಐದಾರು ವರ್ಷ ಇದ್ದು, ಧಾರವಾಡ ಪೇಡೆಯ ರುಚಿಯನ್ನು ಇನ್ನೊಬ್ಬರ ನೌಕರಿಯ ಖುಷಿಯಲ್ಲಷ್ಟೇ ನೋಡಿ ಊರಿಗೆ ಮರಳುತ್ತಾರೆ. ಇದು ನನ್ನನ್ನು ತುಂಬ ನೋಯಿಸುವ ವಿಷಯ.

ಉಳಿದದ್ದೆಷ್ಟು, ಹೋದದ್ದೆಷ್ಟು

ಖರ್ಚಿನ ವಹಿಯ ಪ್ರಕಾರ ಆಗ ತಿಂಗಳಿಗೆ ನಾಲ್ಕುನೂರು ರೂಪಾಯಿಯ ಆಸುಪಾಸು ಉಳಿಯಿತು. ಓದಿನ ವಹಿ ಬೇರೆಯೇ ಹೇಳುತ್ತದೆ. ಜನವರಿಯವರೆಗೆ ದಿನಕ್ಕೊಂದು ಪುಟದಂತೆ ಬರೆದಿದ್ದವಳು ಫೆಬ್ರವರಿಯಿಂದ ಎರಡು ದಿನಕ್ಕೆ, ಮೂರು ದಿನಕ್ಕೆ ಒಂದು ಸಾಲು ಬರೆಯತೊಡಗಿದಳು. ‘ಸಂವಿಧಾನ, ಮೂಲಭೂತ ಹಕ್ಕು, ಮತ್ತೆ.’ ಆ ‘ಮತ್ತೆ’ ಎಂಬ ಪದ ಪುಟಪುಟದಲ್ಲೂ ಇದೆ. ಲೈಬ್ರರಿಯಲ್ಲಿ ಮೊದಲಿಗಿಂತ ಹೆಚ್ಚು ಹೊತ್ತೇ ಕೂರುತ್ತಿದ್ದಳು. ಹಲಗೆಗೆ ತಲೆ ಕೊಟ್ಟು ನಿದ್ದೆ, ಎದ್ದರೆ ಮೊಬೈಲಿನಲ್ಲಿ ರೀಲ್ಸ್. ಮಾರ್ಚ್ ತಿಂಗಳ ಒಂದು ಬೆಳಗ್ಗೆ ಹಲ್ಲುಜ್ಜುತ್ತ ನಿಂತವಳು, “ಅಕ್ಕಾ, ಇವತ್ತ ಯಾವ ವಾರ?” ಎಂದು ಕೇಳಿದಳು. ಮರೆತು ಕೇಳುವುದು ಬೇರೆ. ಅವಳು ಕೇಳಿದ ರೀತಿ, ಯಾವ ವಾರವಾದರೂ ಒಂದೇ ಎಂಬಂತಿತ್ತು.

ಆ ಮಾತು ಕೇಳಿದಾಗ ನನಗೆ ನೆನಪಾದದ್ದು ತರಗತಿಯಲ್ಲಿ ನಾನೇ ಪಾಠ ಮಾಡುವ ಮರಿಯೆಂತಾಲ್. ವಿಯೆನ್ನಾ ಹತ್ತಿರದ ಹಳ್ಳಿ. ಊರಿಗೆಲ್ಲ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ ಮುಚ್ಚಿದ ಮೇಲೆ, 1931-32ರ ಚಳಿಗಾಲದಲ್ಲಿ ಮರೀ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಮತ್ತವರ ಸಂಗಡಿಗರು ಅಲ್ಲಿನ ಜನರ ದಿನಚರಿಯನ್ನು ಕೂಲಂಕಷವಾಗಿ ದಾಖಲಿಸಿದರು. ಕೆಲಸ ಹೋದವರಿಗೆ ಬಿಡುವು ಬೇಕಾದಷ್ಟಿತ್ತು. ಅಷ್ಟಿದ್ದೂ ಊರಿನ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಎರಡೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು, ಶುಲ್ಕ ತೆಗೆದುಹಾಕಿದ್ದರೂ ಕೂಡ. ಗಂಡಸರು ಬೀದಿಯಲ್ಲಿ ನಡೆಯುವ ವೇಗವೂ ತಗ್ಗಿತ್ತು, ಅದನ್ನು ಗಡಿಯಾರ ಹಿಡಿದು ಅಳೆದರು. ಹೊತ್ತು ಹೆಚ್ಚಾದಷ್ಟೂ ಹೊತ್ತಿನ ಆಕಾರ ಕರಗುತ್ತದೆ ಎಂಬುದು ಅಲ್ಲಿ ಕಂಡ ಸತ್ಯ. ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿಯಿದೆ: ಆಲೂಗಡ್ಡೆ ಬೆಳೆಯಬಹುದಾಗಿದ್ದ ತುಂಡು ನೆಲದಲ್ಲಿ, ಹಸಿವಿದ್ದರೂ, ಕೆಲವರು ಹೂವು ಬೆಳೆದಿದ್ದರು. ಕೇಳಿದರೆ, ಮನಸ್ಸಿಗೂ ಏನಾದರೂ ಬೇಕಲ್ಲ ಎಂಬ ಅರ್ಥದ ಉತ್ತರ. ತರಗತಿಯಲ್ಲಿ ಈ ಭಾಗ ಬಂದಾಗ ಹಳ್ಳಿಯಿಂದ ಬಂದ ಮಕ್ಕಳು ಥಟ್ಟನೆ ಒಪ್ಪುತ್ತಾರೆ. ಬರಗಾಲದಲ್ಲೂ ಮನೆ ಮುಂದಿನ ಮಲ್ಲಿಗೆ ಬಳ್ಳಿಗೆ ಕೊಡದಲ್ಲಿ ಉಳಿದ ನೀರು ಹಾಕುವ ಅವ್ವಂದಿರನ್ನು ಅವರು ನೋಡಿದ್ದಾರೆ.

ಪರೀಕ್ಷೆಯ ತಾರೀಕು ಇದ್ದಾಗ ಅದೇ ದಿನಗಳನ್ನು ಹಿಡಿದು ನಿಲ್ಲಿಸುತ್ತದೆ. ಇನ್ನು ಅರವತ್ತು ದಿನ, ಇನ್ನು ನಲವತ್ತು ದಿನ ಎಂದು ಗೋಡೆಯ ಮೇಲೆ ಬರೆದುಕೊಳ್ಳುತ್ತೇವೆ. ತಾರೀಕು ಹೋದಾಗ ಆ ಕೆಲಸವನ್ನು ನಾಲ್ಕರ ಚಹಾ, ಶನಿವಾರದ ಗುಡಿ, ಭಾನುವಾರದ ಕೆರೆ ಮಾಡುತ್ತಿದ್ದವು. ಅವುಗಳನ್ನು ತೆಗೆದ ಮೇಲೆ ಅವಳಿಗೆ ಸೋಮವಾರಕ್ಕೂ ಗುರುವಾರಕ್ಕೂ ವ್ಯತ್ಯಾಸ ಉಳಿಯಲಿಲ್ಲ.

ವಹಿಯಲ್ಲಿ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಸಾಲು ಪುಸ್ತಕದ್ದು. ಚಹಾ ಬಿಟ್ಟ ಅದೇ ತಿಂಗಳುಗಳಲ್ಲಿ ಅವಳು ಮೂರು ಗೈಡ್ ಕೊಂಡಿದ್ದಳು, ಒಂದು ಆನ್‌ಲೈನ್ ಟೆಸ್ಟ್ ಸೀರೀಸಿಗೂ ದುಡ್ಡು ಕಟ್ಟಿದ್ದಳು. ಭಾರತದ ಸಂವಿಧಾನದ ಮೇಲೆ ಅವಳ ಹತ್ತಿರ ಆಗಲೇ ಎರಡು ಪುಸ್ತಕ ಇದ್ದವು. ಹೊಸ ಗೈಡ್ ಕೊಂಡ ಸಂಜೆ ಒಂದು ಹುರುಪು ಬರುತ್ತದೆ. ಹಾಳೆಯ ವಾಸನೆ, ಹೆಸರು ಬರೆಯುವುದು, ಮೊದಲ ಅಧ್ಯಾಯಕ್ಕೆ ಹಳದಿ ಬಣ್ಣ ಬಳಿಯುವುದು. ಮೂರನೇ ದಿನಕ್ಕೆ ಅದು ಉಳಿದ ಪುಸ್ತಕಗಳ ಸಾಲಿಗೆ ಸೇರುತ್ತದೆ. ಅದೂ ಸುಖವೇ, ಆದರೆ ಒಂದು ಗೈಡಿನ ಬೆಲೆಗೆ ಒಂದು ತಿಂಗಳಿಗೂ ಮಿಕ್ಕಿ ಚಹಾ ಕುಡಿಯಬಹುದಿತ್ತು. ಗೈಡ್ ಕೊಂಡದ್ದಕ್ಕೆ ಊರಲ್ಲಿ ಯಾರೂ ಕೇಳಲಿಲ್ಲ. ಓದಿನ ಹೆಸರಿನಲ್ಲಿ ಹೋದ ದುಡ್ಡಿಗೆ ಮಾನವಿದೆ, ಹತ್ತು ರೂಪಾಯಿಯ ಚಹಾಕ್ಕೆ ಅಪವಾದ ಬರುತ್ತದೆ. ಸಪ್ತಾಪುರದಲ್ಲಿ ಓದುವವರ ದುಡ್ಡು ಎಲ್ಲಿ ಸೋರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಭಜಿ ಗಾಡಿಯನ್ನು ತೋರಿಸುವುದಿಲ್ಲ, ಗೈಡುಗಳ ರ‍್ಯಾಕ್ ತೋರಿಸುತ್ತೇನೆ.

ರೀಲ್ಸ್ ವಿಷಯವೂ ಹೀಗೇ. ಅದಕ್ಕೆ ದುಡ್ಡಿಲ್ಲ, ಆದ್ದರಿಂದ ವಹಿಯಲ್ಲಿ ಬರುವುದೂ ಇಲ್ಲ. ಆದರೆ ಒಂದೂವರೆ ತಾಸು ನೋಡಿ ಎದ್ದ ಮೇಲೆ ಏನು ನೋಡಿದೆ ಎಂದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ. ನುಗ್ಗಿಕೇರಿ ದಾರಿಯಲ್ಲಿ ಯಾರು ಸಿಕ್ಕರು, ಗುಡಿಯ ಮುಂದೆ ಎಷ್ಟು ಉದ್ದ ಪಾಳಿ ಇತ್ತು, ಕಾಯಿ ಒಡೆದದ್ದು ಯಾರಿಗೆ ಚೆನ್ನಾಗಿ ಬಂತು ಎಂಬುದನ್ನು ಮಂಗಳವಾರದವರೆಗೂ ಹೇಳುತ್ತಿದ್ದಳು.

ಮತ್ತೆ ಶುರು

ಮಾರ್ಚ್ 30ರ ಯುಗಾದಿಗೆ ಊರಿಗೆ ಹೋಗಿ ಬಂದಳು. ಜೊತೆಗೆ ಅಪ್ಪನೂ ಬಂದರು, ಹೆಗಲ ಮೇಲೆ ಜೋಳದ ಚೀಲ. ಮಗಳು ಕೆಳಗೆ ನೀರು ತರಲು ಹೋದಾಗ ನನ್ನ ಹತ್ತಿರ ಮಾತಾಡಿದರು. “ಮೇಡಂರ, ಆಕಿ ಓದಂಗಿಲ್ಲ ಅಂತ ನಾ ಯಾವತ್ತೂ ಅಂದಿಲ್ರಿ. ಆದ್ರ ಕಟ್ಟಿ ಮ್ಯಾಲ ಕುಂತವ್ರು ದಿನಾ ಕೇಳತಾರ. ಏನಂತ ಹೇಳ್ಲಿ ಅವ್ರಿಗೆ?” ಆ ಮನುಷ್ಯನನ್ನು ದೂರಲು ನನ್ನಿಂದಾಗದು. ಬಡ್ಡಿಗೆ ತಂದ ದುಡ್ಡನ್ನು ಮಗಳ ಓದಿಗೆ ಕಳಿಸುವವರು ಅವರು. ಮೆಸ್ಸಿಗೆ ಭಾನುವಾರ ರಾತ್ರಿ ರಜೆ ಎಂದು ನಾನು ಹೇಳಿದೆ. ಅವರು ತಲೆ ತಗ್ಗಿಸಿ ಕೂತರು. “ಹೌದೇನ್ರಿ, ಇದನ್ನ ನಮಗ ಯಾರೂ ಹೇಳ್ಲೇ ಇಲ್ಲ” ಎಂದು ಆಮೇಲೆ ಮೆಲ್ಲಗೆ ಅಂದರು. ಊರಿಗೆ ಹೋಗಿ ಮಾವನಿಗೆ ಏನು ಹೇಳಿದರೋ, ಫೋಟೊದ ಮಾತು ಮತ್ತೆ ಬರಲಿಲ್ಲ.

ಏಪ್ರಿಲ್‌ನಿಂದ ಅವಳ ವಹಿಯಲ್ಲಿ ಹೊಸದೊಂದು ಕಾಲಂ ಇದೆ. ಮೇಲೆ ‘ಮನಸಿಗೆ’ ಎಂದು ಬರೆದಿದ್ದಾಳೆ. ತಿಂಗಳಿಗೆ ನಾಲ್ಕುನೂರು, ಮೊದಲೇ ತೆಗೆದಿಟ್ಟದ್ದು. ಬಾಡಿಗೆಯಂತೆ ಅದೂ ಖಾಯಂ ಖರ್ಚು, ಉಳಿದರೆ ಮಾಡುವುದಲ್ಲ. ಮೊದಲು ಚಹಾ ಕುಡಿದ ಪ್ರತಿ ಸಲವೂ ಕುಡಿಯಬೇಕೋ ಬೇಡವೋ ಎಂಬ ತಕರಾರು ಅವಳೊಳಗೆ ನಡೆಯುತ್ತಿತ್ತು, ಕುಡಿದ ಮೇಲೆ ಅಪರಾಧಿಯಂತೆ ಕೂರುತ್ತಿದ್ದಳು. ದುಡ್ಡು ಬೇರೆ ಇಟ್ಟ ಮೇಲೆ ಆ ತಕರಾರು ನಿಂತಿತು. ಚಹಾದ ಹೊತ್ತನ್ನೂ ಕಟ್ಟಿದಳು: ನಾಲ್ಕರಿಂದ ನಾಲ್ಕೂಕಾಲು, ಮೊಬೈಲ್ ಸೀಟಿನಲ್ಲೇ ಬಿಟ್ಟು ಹೋಗಬೇಕು.

ಆ ಹದಿನೈದು ನಿಮಿಷದಲ್ಲಿ ನಡೆಯುತ್ತಿದ್ದುದು ಚಹಾ ಮಾತ್ರವಲ್ಲ. ಕೀ ಆನ್ಸರ್ ಬಗ್ಗೆ ವಾದ, ಕಟ್ ಆಫ್ ಎಷ್ಟು ನಿಲ್ಲಬಹುದೆಂಬ ಊಹೆ, ಕೋರ್ಟಿನಲ್ಲಿ ಯಾವ ಕೇಸು ಎಲ್ಲಿಗೆ ಬಂತೆಂಬ ಸುದ್ದಿ. ಕಾನ್‌ಸ್ಟೇಬಲ್ ಹುದ್ದೆಗೆ ತಯಾರಾಗುತ್ತಿದ್ದ ರಾಯಬಾಗದವಳು ಬೆಳಗ್ಗೆ ಓಡಿದ 400 ಮೀಟರಿನ ಹೊತ್ತು ಹೇಳುತ್ತಿದ್ದಳು. ಹೆಣ್ಣುಮಕ್ಕಳಿಗೆ ಎರಡು ನಿಮಿಷದ ಗಡುವು, ಅವಳು ಅದರೊಳಗೇ ಮುಗಿಸುತ್ತಿದ್ದಳು, ಎಲ್ಲರೂ ಅವಳ ಬೆನ್ನು ತಟ್ಟುತ್ತಿದ್ದರು. ಅಲ್ಲಿಯೇ ಒಬ್ಬರ ಬಾಯಿಂದ ಕೋಚಿಂಗ್ ಸೆಂಟರೊಂದಕ್ಕೆ ಪ್ರಶ್ನೆಪತ್ರಿಕೆಗಳ ಕನ್ನಡ ತಿದ್ದುವವರು ಬೇಕಾಗಿದ್ದಾರೆಂದು ತಿಳಿದು ಇವಳು ಹೋದಳು. ಪುಟಕ್ಕಿಷ್ಟು ಎಂದು ದುಡ್ಡು, ಮೇ ತಿಂಗಳಿಂದ ಲೈಬ್ರರಿ ಸೀಟಿನ ಖರ್ಚು ಅದರಲ್ಲೇ ಹೊರಟಿತು. ರಾಜ್ಯದ ಹಲವು ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಕಡ್ಡಾಯ ಕನ್ನಡದ್ದು 150 ಅಂಕದ ಪತ್ರಿಕೆ, 50 ಬಂದರೆ ಅರ್ಹತೆ. ತಿದ್ದುವ ಕೆಲಸ ಹಿಡಿದ ಮೇಲೆ ಆ ಪತ್ರಿಕೆಗೆಂದು ಬೇರೆ ಓದುವ ಅಗತ್ಯವೇ ಬೀಳಲಿಲ್ಲ.

ಜೂನ್‌ನಲ್ಲಿ ಮಳೆ ಹಿಡಿಯಿತು. ಧಾರವಾಡದ ಮಳೆ ಸುರಿದು ಹೋಗುವುದಿಲ್ಲ, ಕೂತು ಮಾತಾಡುತ್ತದೆ. ಕೆರೆ ದಂಡೆಗೆ ಹೋಗಲಾಗದ ಭಾನುವಾರಗಳಲ್ಲಿ ರೂಮಿನಲ್ಲೇ ಚುರಮರಿ ನೆನೆಸಿ, ಉಳ್ಳಾಗಡ್ಡಿ ಹೆಚ್ಚಿ, ಹುಣಸೆ ಹುಳಿ ಹಿಂಡಿ, ಪುಟಾಣಿ ಪುಡಿ ಉದುರಿಸಿ ಗಿರಮಿಟ್ ಮಾಡಿದೆವು. ಗಾಡಿಯವನ ಕೈರುಚಿ ಬರಲಿಲ್ಲ, ಬುತ್ತಿಯ ಗುರೆಳ್ಳು ಚಟ್ನಿ ಕಲಸಿದ ಮೇಲೆ ಯಾರಿಗೂ ಗಾಡಿಯ ನೆನಪಾಗಲಿಲ್ಲ.

ಕಾಲಂನಲ್ಲಿ ಅತಿ ಕಡಿಮೆ ದುಡ್ಡಿಗೆ ಅತಿ ಹೆಚ್ಚು ಸಿಕ್ಕದ್ದು ಲಕ್ಕುಂಡಿ. ಧಾರವಾಡದಿಂದ ಗದಗ, ಗದಗದಿಂದ ಲಕ್ಕುಂಡಿ, ಎರಡು ಬಸ್ಸು, ಟಿಕೆಟ್ ಸೊನ್ನೆ. ಬುತ್ತಿ ಕಟ್ಟಿಕೊಂಡು ನಾಲ್ವರು ಹೋದೆವು. ಕಲ್ಯಾಣ ಚಾಲುಕ್ಯರ ಶಿಲ್ಪ ಎಂದು ಬಾಯಿಪಾಠ ಮಾಡಿದ್ದವಳು ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲುವಾಡದ ಕೆತ್ತನೆಯ ಮುಂದೆ ಬಹಳ ಹೊತ್ತು ನಿಂತಳು. 1007ರಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯದಲ್ಲಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು ಇವಳೇ ಅಲ್ಲವೇ ಎಂದು ಕೇಳಿ, ಕಂಬದ ಮೇಲೆ ಕೈಯಿಟ್ಟಳು. ಮುಸುಕಿನ ಬಾವಿಯ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿಂದೆವು. ಅಂದಿನ ಓದಿನ ವಹಿಯಲ್ಲಿ ಎರಡು ಪುಟ ತುಂಬಿದೆ, ಒಂದು ಕಡೆಯೂ ‘ಮತ್ತೆ’ ಎಂಬ ಪದವಿಲ್ಲ. ಗೈಡಿನ ಆ ಅಧ್ಯಾಯವನ್ನು ಅವಳು ಮುಂದೆ ತೆರೆಯಲೇ ಇಲ್ಲ, ತೆರೆಯುವ ಅಗತ್ಯವಿರಲಿಲ್ಲ.

ಪೇಡೆಯ ಮಾತು: ಜುಲೈ ಕೊನೆಯ ನಾಗರಪಂಚಮಿಗೆ ಊರಿಗೆ ಹೊರಟಾಗ ಲೈನ್ ಬಜಾರಿಗೆ ಹೋಗಿ ಕಾಲು ಕೆ.ಜಿ. ಕೊಂಡಳು. ಯಾವ ಫಲಿತಾಂಶವೂ ಬಂದಿರಲಿಲ್ಲ. ಅಂಗಡಿಯವರು ಕೇಳಲಿಲ್ಲ, ಅವಳು ಹೇಳಲಿಲ್ಲ. ಊರಲ್ಲಿ ಉಂಡಿ, ಅಳ್ಳಿನ ನಡುವೆ ಪೇಡೆ ಇಟ್ಟಾಗ ಅವ್ವ ಗಾಬರಿಯಿಂದ “ನೌಕರಿ ಆತೇನವಾ?” ಎಂದರಂತೆ. ಇಲ್ಲ, ಸುಮ್ಮನೆ ತಂದೆ ಎಂದಳಂತೆ. ಜೋಕಾಲಿ ಆಡುತ್ತಿದ್ದ ಓಣಿಯ ಹುಡುಗಿಯರಿಗೆಲ್ಲ ಅವ್ವನೇ ಹಂಚಿದರು.

ಈ ಪ್ರಕರಣ ಹೇಳದಿರುವುದು

ಚಹಾ ಕುಡಿದದ್ದರಿಂದ ಅವಳಿಗೆ ನೌಕರಿ ಸಿಕ್ಕಿತು ಎಂದು ನಾನು ಹೇಳುತ್ತಿಲ್ಲ. ಸಿಕ್ಕಿಲ್ಲ. ಒಬ್ಬಳ ವಹಿಯಿಂದ ಎಲ್ಲರ ಬಗ್ಗೆ ತೀರ್ಪು ಕೊಡಲೂ ಆಗದು. ಬೇಸಿಗೆ ಕಳೆದು ಮಳೆ ಬಂದದ್ದು, ಮೇ ತಿಂಗಳಿಂದ ಕೈಗೆ ಸ್ವಲ್ಪ ದುಡ್ಡು ಬಂದದ್ದು, ಫೋಟೊದ ಮಾತು ನಿಂತದ್ದು ಕೂಡ ಅವಳ ಓದಿಗೆ ನೆರವಾಗಿರಬೇಕು. ಇನ್ನೊಂದು ಮಾತನ್ನೂ ಖಡಾಖಂಡಿತ ಹೇಳುತ್ತೇನೆ: ಸಣ್ಣ ಸುಖಗಳಿವೆ ಎಂಬ ಕಾರಣಕ್ಕೆ ಹುದ್ದೆ ತುಂಬುವುದನ್ನು ತಡಮಾಡಬಹುದೆಂದು ಯಾರೂ ಭಾವಿಸಬಾರದು. ವರ್ಷಕ್ಕೊಂದು ಖಚಿತ ಪರೀಕ್ಷಾ ವೇಳಾಪಟ್ಟಿ, ಸೋರದ ಪ್ರಶ್ನೆಪತ್ರಿಕೆ, ಓದಿದರೆ ಅರ್ಥವಾಗುವ ಕನ್ನಡ ಪ್ರಶ್ನೆ, ಇವು ಈ ಮಕ್ಕಳ ಹಕ್ಕು. ಗಿರಮಿಟ್ ಅದಕ್ಕೆ ಬದಲಿಯಲ್ಲ.

ಖಾನಾವಳಿ ನಡೆಸುವ ಮಾವಶಿಗೆ ಒಂದು ಮಾತು ಸಲ್ಲಬೇಕು. ಫೆಬ್ರವರಿಯಲ್ಲಿ ಇವಳ ಊಟ ಕಡಿಮೆಯಾದದ್ದನ್ನು ನಮಗಿಂತ ಮೊದಲು ಗಮನಿಸಿದವರು ಅವರೇ. ಪ್ರತಿ ಅಮಾವಾಸ್ಯೆಯ ಹೋಳಿಗೆಯಲ್ಲಿ ಇವಳಿಗೊಂದು ಹೆಚ್ಚಿಗೆ ಬೀಳುತ್ತಿತ್ತು, ಲೆಕ್ಕದಲ್ಲಿ ಅದು ಎಲ್ಲಿಯೂ ಇಲ್ಲ.

ಆಗಸ್ಟ್ ನಂತರ ಅವಳು ತಾಲೂಕು ಕೇಂದ್ರವೊಂದರ ಕಚೇರಿಯಲ್ಲಿ ಹೊರಗುತ್ತಿಗೆಯ ಮೇಲೆ ಡಾಟಾ ಎಂಟ್ರಿ ಕೆಲಸ ಹಿಡಿದಿದ್ದಾಳೆ. ಕಾಯಂ ಅಲ್ಲ, ಪ್ರತಿ ವರ್ಷ ಗುತ್ತಿಗೆ ಬದಲಾಗುವಾಗ ಉಳಿಯುತ್ತೇನೋ ಇಲ್ಲವೋ ಎಂಬ ಅಂಜಿಕೆಯಿದೆ. ಬೆಳಗ್ಗೆ ಐದರಿಂದ ಎಂಟರವರೆಗೆ ಓದು, ಸಂಜೆ ಮತ್ತೆ ಎರಡು ತಾಸು. ಮದುವೆಯ ಮಾತು ಬಂದಾಗ ಮುಂದಿನ ಎರಡು ಪರೀಕ್ಷೆ ಮುಗಿಯಲಿ ಎಂದು ಅಪ್ಪ ಮಾವನಿಗೆ ಹೇಳಿದ್ದಾರೆ. ಮಾವ ಪೂರ್ತಿ ಒಪ್ಪಿಲ್ಲ. ವಹಿ ಇನ್ನೂ ಬರೆಯುತ್ತಾಳೆ. ‘ಮನಸಿಗೆ’ ಕಾಲಂ ಈಗ ಆರುನೂರಕ್ಕೆ ಏರಿದೆ, ಹೆಚ್ಚಿದ್ದು ಅವ್ವನ ಸಲುವಾಗಿ. ಒಬ್ಬಳೇ ಎಲ್ಲಿಗೂ ಹೋಗಿರದ ಅವ್ವನನ್ನು ದೀಪಾವಳಿ ರಜೆಯಲ್ಲಿ ಬನಶಂಕರಿಗೆ, ಅಲ್ಲಿಂದ ಬಾದಾಮಿಗೆ ಕರೆದುಕೊಂಡು ಹೋಗಿದ್ದಳು. ಬಸ್ಸಿನ ಖರ್ಚು ಇಬ್ಬರದೂ ಸೊನ್ನೆ, ಬಳೆ, ಕುಂಕುಮ, ಚಹಾ, ಗುಹೆ ನೋಡುವ ಟಿಕೆಟ್ಟು ಕೂಡಿ ಖರ್ಚಾದದ್ದು ನೂರಾಎಂಬತ್ತು ರೂಪಾಯಿ.